ಸಂತೋಷದ ಊಟಕ್ಕೊಂದು ಆರ್‌ಡಿ

ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಹಾಲು, ಗ್ಯಾಸು, ಕರೆಂಟು, ಮಗಳ ಕಾಲೇಜು ಫೀಸಿನ ಜೊತೆಗೆ ‘ಸಂತೋಷದ ಊಟ’ ಅಂತ ಒಂದು ಕಾಲಂ ಇದೆ. ಹಣಕಾಸಿನ ಬಗ್ಗೆ ಬರೆಯುವವರಿಗೆ ಹೋಟೆಲ್ ಬಿಲ್ ಕಂಡರೆ ಆಗುವುದಿಲ್ಲ. ದಿನಕ್ಕೊಂದು ಕಾಫಿ ಬಿಟ್ಟರೆ ರಿಟೈರ್ ಆಗುವ ಹೊತ್ತಿಗೆ ಇಷ್ಟು ಲಕ್ಷ ಎಂದು ಕೋಷ್ಟಕ ಹಾಕಿ ತೋರಿಸುತ್ತಾರೆ. ಕಾಫಿ ಬಿಟ್ಟು ಲಕ್ಷಾಧೀಶರಾದ ಒಬ್ಬರನ್ನೂ ನಾನು ಕಂಡಿಲ್ಲ. ಸಾಲ ಮಾಡಿ ಮುನ್ನೂರು ಜನಕ್ಕೆ ಊಟ ಹಾಕಿ ಆಮೇಲೆ ಒಡವೆ ಅಡವಿಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ.

ಬದುಕಿನ ಮುಖ್ಯ ದಿನಗಳಲ್ಲಿ ಸ್ನೇಹಿತರ ಜೊತೆ ಕೂತು ಚೆನ್ನಾಗಿ ಉಣ್ಣುವುದು ದುಂದಲ್ಲ. ಆದರೆ ಆ ದುಡ್ಡು ಉಣ್ಣುವ ಮೊದಲೇ ಕೂಡಿಟ್ಟದ್ದಾಗಿರಬೇಕು. ಎಲ್ಲಾದರೂ ಕತ್ತರಿ ಹಾಕಲೇಬೇಕು ಅಂದರೆ ಎಲೆಯ ಮೇಲಿನದಕ್ಕೆ ಹಾಕಬೇಡಿ, ಎಲೆಗಳ ಸಂಖ್ಯೆಗೆ ಹಾಕಿ.

ಈ ಊಟಕ್ಕೆಂದೇ ನಮ್ಮದು ತಿಂಗಳಿಗೆ 2,000 ರೂಪಾಯಿಯ ಆರ್‌ಡಿ (ರಿಕರಿಂಗ್ ಡೆಪಾಸಿಟ್). ಬಡ್ಡಿ ಶೇ 6.5 ಎಂದಿಟ್ಟುಕೊಂಡರೆ ವರ್ಷದ ಕೊನೆಗೆ ಕಟ್ಟಿದ 24,000ಕ್ಕೆ ಸುಮಾರು 850 ರೂಪಾಯಿ ಸೇರಿ ಕೈಗೆ ಬರುತ್ತದೆ. ಬಡ್ಡಿ ದೊಡ್ಡದೇನಲ್ಲ, ಅದರ ಆಸೆಗೆ ಮಾಡಿದ್ದೂ ಅಲ್ಲ. ದುಡ್ಡು ಉಳಿತಾಯ ಖಾತೆಯಲ್ಲಿ ಬಿದ್ದಿದ್ದರೆ ಗೀಸರ್ ಕೆಟ್ಟಾಗ, ಸ್ಕೂಟರ್ ಟೈರು ಸವೆದಾಗ ಕೈ ಅಲ್ಲಿಗೇ ಹೋಗುತ್ತದೆ. ಆರ್‌ಡಿಯಲ್ಲಿದ್ದರೆ ಒಂದು ಬೇಲಿ ಇದ್ದ ಹಾಗೆ. ‘ಮ್ಯೂಚುವಲ್ ಫಂಡಿನ ಎಸ್‌ಐಪಿ ಹಾಕಬಹುದಿತ್ತಲ್ಲ’ ಎಂದು ಕೇಳುವವರಿದ್ದಾರೆ. ವರ್ಷದೊಳಗೆ ಇಂಥದೇ ತಾರೀಖಿಗೆ ಬೇಕಾದ ಹಣವನ್ನು ಷೇರು ಪೇಟೆಗೆ ಒಯ್ಯಬಾರದು. ಸೂಚ್ಯಂಕ ಬಿತ್ತು ಅಂತ ಮದುವೆಯಾದ ದಿನವನ್ನು ಮುಂದಕ್ಕೆ ಹಾಕೋಕಾಗುತ್ತದೆಯೇ? ಇಪ್ಪತ್ತೈದನೇ ವರ್ಷ, ಷಷ್ಟ್ಯಬ್ದಿಯಂಥ ದೂರದ ಸಂಭ್ರಮಗಳಿಗಾದರೆ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಸರಿಹೋಗುತ್ತದೆ.

ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸತರಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಸಂಬಳಕ್ಕೆ ನಾವಿಬ್ಬರೂ ಇನ್ನೊಂದು ಜೋಡಿಯನ್ನು ಕರೆದುಕೊಂಡು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಊಟಕ್ಕೆ ಹೋದೆವು. ಹೆಸರು ಬರೆಸಿ, ಕಾಯುವವರ ಸಾಲಿನಲ್ಲಿ ಕೂತು, ಒಳಗಿನಿಂದ ಬರುವ ತುಪ್ಪದ ವಾಸನೆ ಕುಡಿಯುತ್ತ ಇದ್ದದ್ದು ಊಟದಷ್ಟೇ ನೆನಪಿದೆ. ಅಲ್ಲಿ ಬಡಿಸುವವರಿಗೆ ಅವಸರ ಇಲ್ಲ, ಉಣ್ಣುವವರೂ ಅವಸರ ಮಾಡುವ ಹಾಗಿಲ್ಲ. ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ, ಸಾಕು ಅನ್ನುವ ಹೊತ್ತಿಗೆ ಬಿಸಿಬೇಳೆಬಾತ್ ಬರುತ್ತದೆ. ಅವತ್ತಿನ ಬಿಲ್ಲು ನನ್ನ ಸಂಬಳದ ಲೆಕ್ಕದಲ್ಲಿ ಸಣ್ಣದೇನಲ್ಲ. ಆ ಸಂಬಳದಲ್ಲಿ ಕೊಂಡ ಬೇರೆ ಯಾವ ವಸ್ತುವೂ ಈಗ ಮನೆಯಲ್ಲಿಲ್ಲ. ಆ ಜೋಡಿ ಮಾತ್ರ ಇವತ್ತಿಗೂ ನಮ್ಮ ಮನೆಯವರ ಹಾಗೇ ಇದ್ದಾರೆ.

1924ರಲ್ಲಿ ಶುರುವಾದ ಆ ಹೋಟೆಲಿನ ಕತೆಯಲ್ಲೇ ಹಣಕಾಸಿನ ಒಂದು ಪ್ರಸಂಗ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳಿಗೆ ತೀರಾ ಕಡಿಮೆ ದರ ಗೊತ್ತುಮಾಡಿತು. ತುಪ್ಪದ ಬದಲು ಡಾಲ್ಡಾ ಸುರಿದು ಬಚಾವಾಗುವ ದಾರಿ ಯಾರಿಗೂ ತಿಳಿಯದ್ದಲ್ಲ. ಎಂಟಿಆರ್‌ನವರು ರುಚಿ ಇಳಿಸಲು ಒಪ್ಪಲಿಲ್ಲ, ರೆಡಿಮಿಕ್ಸ್ ಪುಡಿಗಳ ವ್ಯಾಪಾರಕ್ಕೆ ತಿರುಗಿಕೊಂಡರು. ಮನೆಯ ಸಮಾರಂಭಕ್ಕೂ ಇದೇ ನ್ಯಾಯ. ಕೈಯಲ್ಲಿರುವುದು ಇಪ್ಪತ್ತು ಸಾವಿರವಾದರೆ ನೂರು ಜನಕ್ಕೆ ನೀರುಸಾರು ಹಾಕುವುದಕ್ಕಿಂತ ನಲವತ್ತು ಜನಕ್ಕೆ ಹೋಳಿಗೆ ಊಟ ಹಾಕುವುದು ಮೇಲು.

ನಲವತ್ತು ಅಂದದ್ದು ಬಾಯಿಗೆ ಬಂದ ಸಂಖ್ಯೆಯಲ್ಲ. ನಮ್ಮ ಮನೆ ಸಾಲ ತೀರಿದಾಗ ಹಾಕಿಸಿದ್ದು ಅಷ್ಟೇ ಎಲೆ. ಈ ಊಟದ ಮಾತು ಎತ್ತಿದಾಗ ನಮ್ಮೆಜಮಾನ್ರು ನಕ್ಕರು. ‘ಸಾಲ ತೀರಿದ್ದಕ್ಕೆ ಯಾರಾದ್ರೂ ಊಟ ಹಾಕ್ತಾರೇನೆ?’

‘ಗೃಹಪ್ರವೇಶಕ್ಕೆ ಮುನ್ನೂರು ಜನಕ್ಕೆ ಹಾಕಿದ್ವಲ್ಲ ರೀ, ಆಗ ಮನೆ ಬ್ಯಾಂಕಿಂದಾಗಿತ್ತು. ಈಗ ನಮ್ದು.’

ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ನೀವೂ ಹೀಗೆ ಊಟ ಹಾಕುವುದಾದರೆ ಕೊನೆಯ ಕಂತು ಕಟ್ಟಿದ ಮರುದಿನವೇ ಅಡುಗೆ ಭಟ್ಟರಿಗೆ ಫೋನ್ ಮಾಡಬೇಡಿ, ಕಾಗದ ಪತ್ರ ಕೈಗೆ ಬರಲಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, 2023ರ ಡಿಸೆಂಬರ್ 1ರಿಂದೀಚೆಗೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಯ ಮೂಲ ದಾಖಲೆಗಳನ್ನು ಬ್ಯಾಂಕು ವಾಪಸ್ ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಸಾಲ ತೀರಿದ್ದು ಋಣಭಾರ ಪ್ರಮಾಣಪತ್ರದಲ್ಲಿ (ಇಸಿ) ದಾಖಲಾಗಿದೆಯೇ ಅನ್ನುವುದನ್ನೂ ನೋಡಿಕೊಳ್ಳಿ. ಇದನ್ನು ಮರೆತವರು ಮನೆ ಮಾರುವ ಕಾಲಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅಲೆಯುತ್ತಾರೆ.

ನಮ್ಮ ಕಡೆ ಅಡುಗೆ ಭಟ್ಟರು ಲೆಕ್ಕ ಹಾಕುವುದು ಎಲೆಯಲ್ಲಿ. ಮುನ್ನೂರು ಎಲೆಯಾದರೆ ಎಲೆಗೆ 350 ರೂಪಾಯಿ ಹೇಳಿದವರು ನಲವತ್ತೇ ಆದರೆ ಎಲೆಗೆ 450 ಹೇಳಿದರು. ಮೊದಲಿಗೆ ಇದು ಅನ್ಯಾಯ ಅನಿಸುತ್ತದೆ. ಆದರೆ ಒಲೆ, ಪಾತ್ರೆ, ಗಾಡಿ ಬಾಡಿಗೆ, ಇಬ್ಬರು ಬಡಿಸುವವರ ಕೂಲಿ ನಲವತ್ತಕ್ಕೂ ಬೇಕು, ನಾಲ್ಕು ನೂರಕ್ಕೂ ಬೇಕು. ಎಲೆಗೆ ನೂರು ರೂಪಾಯಿ ಜಾಸ್ತಿಯಾದರೂ ಒಟ್ಟು ಖರ್ಚು 18,000. ಮುನ್ನೂರರ ಲೆಕ್ಕವಾಗಿದ್ದರೆ 1,05,000. ‘ಎಲೆಗೆ ಎಷ್ಟು ಕಡಿಮೆಗೆ ಬಂತು’ ಎಂದು ಬೀಗುವವರು ನೋಡಬೇಕಾದದ್ದು ಈ ಕೊನೆಯ ಅಂಕಿಯನ್ನು.

ಭಟ್ಟರು ಬೆಳಗಿನ ಜಾವವೇ ಬಂದು ಟೆರೇಸಿನ ಮೇಲೆ ಒಲೆ ಹೂಡಿದರು. ಕಣಕ ನಾದಿ, ಎಣ್ಣೆಯಲ್ಲಿ ಮುಳುಗಿಸಿಟ್ಟು, ನನ್ನನ್ನು ಕರೆದು ‘ಅಮ್ಮಾ, ಎಳೆದು ನೋಡಿ’ ಅಂದರು. ರಬ್ಬರಿನಂತೆ ಬಂತು. ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಹುಳಿ, ತಿಳಿಸಾರು, ಹೋಳಿಗೆ, ನೀರು ಮಜ್ಜಿಗೆ. ಅಷ್ಟೇ. ಐಸ್‌ಕ್ರೀಮ್ ಇಲ್ಲ, ಬೀಡಾ ಸ್ಟಾಲ್ ಇಲ್ಲ, ಗೋಬಿ ಮಂಚೂರಿ ಇಲ್ಲ. ಮದುವೆ ಊಟದ ಎಲೆಯಲ್ಲಿ ಗೋಬಿ ಮಂಚೂರಿ ಯಾಕೆ ಬಂತೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಒಂದೇ ಪಂಕ್ತಿ. ಹಾಗಾಗಿ ಬಡಿಸುವ ಹೊತ್ತಿಗೆ ನಾವಿಬ್ಬರೂ ಎಲ್ಲರ ಜೊತೆಗೇ ಕೂತೆವು. ನಮ್ಮ ಗೃಹಪ್ರವೇಶದಲ್ಲಿ ನಾನು ಊಟ ಮಾಡಿದ್ದು ಸಂಜೆ ನಾಲ್ಕೂವರೆಗೆ, ತಳದಲ್ಲಿ ಉಳಿದ ಅನ್ನ ಸಾರು.

ಉಡುಗೊರೆ ತರಬೇಡಿ ಎಂದು ಮೊದಲೇ ಹೇಳಿದ್ದೆವು. ಅದಕ್ಕೆ ಒಂದು ಹಿನ್ನೆಲೆ ಇದೆ. ಮದ್ದೂರಿನ ಹತ್ತಿರ ಇರುವ ನಮ್ಮ ಮಾವನವರ ಮನೆಯ ಅಟ್ಟದಲ್ಲಿ ಒಂದು ಮುಯ್ಯಿ ಪುಸ್ತಕ ಇತ್ತು. ಯಾರ ಮನೆಯವರು, ಎಷ್ಟು ಓದಿಸಿದರು, ಎಲ್ಲ ಮಸಿಯಲ್ಲಿ ಬರೆದದ್ದು. ರೂಪಾಯಿ 5, ರೂಪಾಯಿ 11, ಹಿತ್ತಾಳೆ ಚೊಂಬು ಒಂದು, ಅಕ್ಕಿ ಎರಡು ಸೇರು. ಕೆಲವು ಹೆಸರಿನ ಪಕ್ಕ ಸಣ್ಣ ಗೀಟು. ಅವರ ಮನೆಯ ಮದುವೆಯಲ್ಲಿ ಅದನ್ನು ವಾಪಸ್ ಮುಟ್ಟಿಸಿದ್ದೇವೆ ಎಂಬ ಗುರುತು. ಮದುವೆ ಖರ್ಚಿಗೆ ಊರೇ ಕೊಡುತ್ತಿದ್ದ ಬಡ್ಡಿಯಿಲ್ಲದ ಸಾಲ ಅದು. ಬ್ಯಾಂಕಿಲ್ಲದ ಕಾಲದಲ್ಲಿ ಬಹಳ ಜಾಣ ವ್ಯವಸ್ಥೆ. ಆದರೆ ಊರಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದಾಗ ನಡೆಯುತ್ತಿದ್ದ ಈ ಲೆಕ್ಕ ನಗರದ ಗೆಳೆತನಕ್ಕೆ ಭಾರ. ಕಳೆದ ವರ್ಷ ಅವರು ಕೊಟ್ಟ ಬೆಳ್ಳಿ ದೀಪದ ತೂಕ ನೋಡಿ ಈ ವರ್ಷ ನಾವು ಅಷ್ಟೇ ತೂಕದ್ದು ಹುಡುಕುವುದರಲ್ಲಿ ಸಂಭ್ರಮ ಎಲ್ಲಿದೆ?

ತೆರಿಗೆಯ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಬರುವ ಉಡುಗೊರೆಗೆ, ಯಾರೇ ಕೊಟ್ಟಿರಲಿ, ಆದಾಯ ತೆರಿಗೆ ಇಲ್ಲ. ವಾರ್ಷಿಕೋತ್ಸವ, ಗೃಹಪ್ರವೇಶ, ಷಷ್ಟ್ಯಬ್ದಿಗೆ ಈ ವಿನಾಯಿತಿ ಇಲ್ಲ. ಅಣ್ಣ ತಮ್ಮ, ಅಕ್ಕ ತಂಗಿ, ಅಪ್ಪ ಅಮ್ಮ ಮೊದಲಾಗಿ ಕಾನೂನು ಸಂಬಂಧಿಕರೆಂದು ಒಪ್ಪಿದವರು ಕೊಟ್ಟರೆ ತೊಂದರೆಯಿಲ್ಲ. ಸ್ನೇಹಿತರು ಕೊಟ್ಟ ಹಣ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ದಾಟಿದರೆ, ದಾಟಿದ ಭಾಗ ಮಾತ್ರವಲ್ಲ, ಪೂರ್ತಿ ಮೊತ್ತವೇ ನಿಮ್ಮ ಆದಾಯಕ್ಕೆ ಸೇರುತ್ತದೆ.

ಹೋಟೆಲಿನಲ್ಲಿ ಸೇರುವಾಗಿನ ದೊಡ್ಡ ತಲೆನೋವು ಬಿಲ್ ಹಂಚಿಕೊಳ್ಳುವುದು. ಎಂಟು ಜನ ಕೂತು, ಬಂದದ್ದನ್ನು ಎಂಟರಿಂದ ಭಾಗಿಸಿ, ರಾತ್ರಿ ಮನೆ ಮುಟ್ಟುವಷ್ಟರಲ್ಲಿ ಫೋನಿಗೆ ಯುಪಿಐ ಕೋರಿಕೆ. ಬರೀ ಸೂಪು ಕುಡಿದವಳೂ ಸೀಗಡಿ ತಿಂದವನೂ ಸಮ. ನಮ್ಮ ಬಳಗದಲ್ಲಿ ಯಾರ ಸಂಭ್ರಮವೋ ಅವರೇ ಖರ್ಚು ನೋಡಿಕೊಳ್ಳುತ್ತಾರೆ, ಅವರಿಗೆ ನಿಲುಕುವ ಕಡೆಗೇ ಎಲ್ಲರೂ ಹೋಗುತ್ತಾರೆ. ಒಬ್ಬರ ಸಂಬಳದಲ್ಲಿ ಮನೆ ನಡೆಸುವ ಗೆಳತಿ ತನ್ನ ಪಿಎಚ್‌ಡಿ ಮುಗಿದಾಗ ಭಾನುವಾರ ಬೆಳಗ್ಗೆ ಮನೆಗೆ ಕರೆದು ಅಕ್ಕಿರೊಟ್ಟಿ, ಬೆಣ್ಣೆ, ಹುಚ್ಚೆಳ್ಳು ಚಟ್ನಿ ಹಾಕಿದಳು. ಅವಳು ಕಾವಲಿ ಮುಂದೆ, ನಾವು ಅಡುಗೆಮನೆ ನೆಲದ ಮೇಲೆ. ನಮ್ಮ ಗುಂಪಿನ ಯಾರನ್ನು ಬೇಕಾದರೂ ಕೇಳಿ, ಪಂಚತಾರಾ ಹೋಟೆಲಿನ ಬಫೆಗಿಂತ ಮೊದಲು ಅವಳ ರೊಟ್ಟಿಯ ಹೆಸರೇ ಹೇಳುತ್ತಾರೆ.

ಕಾರ್ಡ್ ಉಜ್ಜಿ ಉಂಡ ಊಟದ ಲೆಕ್ಕವೇ ಬೇರೆ. 12,000 ರೂಪಾಯಿಯ ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಸರಿ. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿದರೆ, ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಂಡರೂ ಸುಮಾರು 420 ರೂಪಾಯಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ತಿಂಗಳಿಗೆ ಹೆಚ್ಚುಕಡಿಮೆ 500 ರೂಪಾಯಿ ಹೋದರೂ ಅಸಲಿನ ಬಹುಪಾಲು ಅಲ್ಲೇ ಇರುತ್ತದೆ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಬಡ್ಡಿರಹಿತ ಅವಧಿಯೂ ತಪ್ಪುತ್ತದೆ. ಅಂದರೆ ಮರುವಾರ ತಂದ ದಿನಸಿಗೂ ಮೊದಲ ದಿನದಿಂದಲೇ ಬಡ್ಡಿ.

ಬಿಲ್ಲಿನ ಕೆಳಗಿನ ಸಾಲುಗಳನ್ನೂ ಓದಿ. ಸಾಮಾನ್ಯ ರೆಸ್ಟೊರೆಂಟಿನಲ್ಲಿ ಜಿಎಸ್‌ಟಿ ಶೇ 5, ಅದು ಸರ್ಕಾರಕ್ಕೆ ಹೋಗುವ ತೆರಿಗೆ. ‘ಸರ್ವಿಸ್ ಚಾರ್ಜ್’ ತೆರಿಗೆಯಲ್ಲ, ಹೋಟೆಲಿನವರೇ ಸೇರಿಸುವ ಮೊತ್ತ. ತಾವಾಗಿಯೇ ಬಿಲ್ಲಿಗೆ ಅದನ್ನು ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬೇಡವೆಂದರೆ ತೆಗೆಯಬೇಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ತೆಗೆಸಿದ ದುಡ್ಡಿನಲ್ಲಿ ಒಂದಿಷ್ಟನ್ನು ಬಡಿಸಿದ ಹುಡುಗನ ಕೈಗೇ ಕೊಟ್ಟು ಬನ್ನಿ.

ನಿಮ್ಮ ಮನೆಯ ಮುಂದಿನ ಸಂಭ್ರಮ ಯಾವುದು, ಯಾವ ತಿಂಗಳು, ಎಷ್ಟು ಎಲೆ ಅನ್ನುವುದನ್ನು ಗಂಡ ಹೆಂಡತಿ ಇಬ್ಬರೂ ಕೂತು ಇವತ್ತೇ ಬರೆದಿಡಿ. ಆರ್‌ಡಿಯ ಕನಿಷ್ಠ ಅವಧಿ ಕೆಲವು ಬ್ಯಾಂಕುಗಳಲ್ಲಿ ಆರು ತಿಂಗಳು, ಕೆಲವದರಲ್ಲಿ ಒಂದು ವರ್ಷ. ಯುಗಾದಿಯ ಹೊತ್ತಿಗೆ ದುಡ್ಡು ಕೈಗೆ ಬೇಕಿದ್ದರೆ ಆರು ತಿಂಗಳ ಆರ್‌ಡಿಯನ್ನು ದಸರೆಗೆ ಸಾಕಷ್ಟು ಮೊದಲೇ ತೆರೆಯಿರಿ.