ನಿಮ್ಮ ಮೀಟರಿನ ಮಿತಿ ನಿಮಗೆ ಗೊತ್ತೇ? ಯುವ ಟೆಕ್ನೀಷಿಯನ್‌ಗಳಿಗೆ 7 ಸೂತ್ರಗಳು

ಕಪ್ಪತಗುಡ್ಡದ ಸಾಲಿನ ವಿಂಡ್ ಟರ್ಬೈನ್, ಶಿರಹಟ್ಟಿ ಹೊಲದ ಸೋಲಾರ್ ಪಂಪ್, ಮಿಲ್ಲಿನ ಮೋಟರ್: ಗದಗ ಜಿಲ್ಲೆಯ ಐಟಿಐ, ಡಿಪ್ಲೊಮಾ ಹುಡುಗ-ಹುಡುಗಿಯರಿಗೆ ಕೆಲಸ ಇಲ್ಲಿದೆ. ಇವಕ್ಕೆಲ್ಲ ಈಗ ಇನ್ವರ್ಟರ್, ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಸೇರಿಕೊಳ್ಳುತ್ತಿವೆ. ಹೆಸ್ಕಾಂ ಲೈನಿನ 50 ಹರ್ಟ್ಜ್‌ನಲ್ಲಿ ಸರಿಯಾಗಿ ಓದುವ ಮೀಟರ್ ಇವುಗಳ ಮುಂದೆ ತಪ್ಪಬಹುದು. ಆ ತಪ್ಪನ್ನು ಹಿಡಿಯಬಲ್ಲವರಿಗೆ ಬೇಡಿಕೆ ಇದ್ದೇ ಇರುತ್ತದೆ.

1. ಬ್ಯಾಂಡ್‌ವಿಡ್ತ್ ಮೊದಲು ಓದಿ.
ಮ್ಯಾನುಯಲ್‌ನಲ್ಲಿ ಫ್ರೀಕ್ವೆನ್ಸಿ ರೇಂಜ್ ಹುಡುಕಿ. ಎಷ್ಟೋ ಕ್ಲ್ಯಾಂಪ್ ಮೀಟರ್‌ಗಳ ಖಾತರಿ 400 ಹರ್ಟ್ಜ್ ಅಥವಾ 1 ಕಿಲೋಹರ್ಟ್ಜ್‌ಗೆ ಮುಗಿಯುತ್ತದೆ. ವಿಎಫ್‌ಡಿ ಸ್ವಿಚ್ ಆಗುವುದು ಸಾಮಾನ್ಯವಾಗಿ 2ರಿಂದ 16 ಕಿಲೋಹರ್ಟ್ಜ್‌ನಲ್ಲಿ.

2. ಟ್ರೂ ಆರ್‌ಎಂಎಸ್ ಮೀಟರ್ ಕೊಳ್ಳಿ.
ಅಗ್ಗದ ಮೀಟರ್ ಸರಾಸರಿ ಅಳೆದು, ಸೈನ್ ವೇವ್ ಎಂದೇ ನಂಬಿ 1.11ರಿಂದ ಗುಣಿಸುತ್ತದೆ. ಸ್ಕ್ವೇರ್ ವೇವ್ ಕೊಟ್ಟರೆ 11% ಹೆಚ್ಚು ತೋರಿಸುತ್ತದೆ. ರೆಕ್ಟಿಫೈಯರ್ ಎಳೆಯುವ ಮೊನಚು ಕರೆಂಟನ್ನು ಕಡಿಮೆ ತೋರಿಸುತ್ತದೆ. ಕೇಬಲ್ ಬಿಸಿಯಾಗುತ್ತಿದ್ದರೂ ಡಿಸ್‌ಪ್ಲೇ ಸುಮ್ಮನಿರುತ್ತದೆ.

3. ಕ್ರೆಸ್ಟ್ ಫ್ಯಾಕ್ಟರ್ ನೋಡಿ.
ಟ್ರೂ ಆರ್‌ಎಂಎಸ್ ಎಂದು ಬರೆದಿದ್ದರೆ ಸಾಲದು. ಪೀಕ್ ಆರ್‌ಎಂಎಸ್‌ನ ಎಷ್ಟು ಪಟ್ಟು ಎನ್ನುವುದೇ ಕ್ರೆಸ್ಟ್ ಫ್ಯಾಕ್ಟರ್. ಪೀಕ್ ಆ ರೇಂಜಿನ ಮಿತಿ ದಾಟಿದರೆ ಅದರ ತುದಿ ಕತ್ತರಿಸಿಹೋಗುತ್ತದೆ, ರೀಡಿಂಗ್ ತಗ್ಗುತ್ತದೆ. ಅನುಮಾನ ಬಂದರೆ ಮೇಲಿನ ರೇಂಜಿಗೆ ಹೋಗಿ, ಮತ್ತೆ ಅಳೆಯಿರಿ.

4. ಫೇಸ್ ಲೆಕ್ಕ ಕೈಯಾರೆ ಮಾಡಿ.
ಮೀಟರಿನ ವೋಲ್ಟೇಜ್ ಮತ್ತು ಕರೆಂಟ್ ಚಾನೆಲ್ ನಡುವೆ 1 ಮೈಕ್ರೋಸೆಕೆಂಡ್ ವ್ಯತ್ಯಾಸ ಇದೆ ಎನ್ನಿ. 50 ಹರ್ಟ್ಜ್‌ನಲ್ಲಿ ಅದು 0.018 ಡಿಗ್ರಿ, ಲೆಕ್ಕಕ್ಕೇ ಇಲ್ಲ. 10 ಕಿಲೋಹರ್ಟ್ಜ್‌ನಲ್ಲಿ ಅದೇ 3.6 ಡಿಗ್ರಿ. ಅಲ್ಲಿ ಪವರ್ ಫ್ಯಾಕ್ಟರ್ 0.1 ಇದ್ದರೆ, ವ್ಯಾಟ್ ರೀಡಿಂಗ್ 60%ಕ್ಕೂ ಹೆಚ್ಚು ತಪ್ಪುತ್ತದೆ. ಒಮ್ಮೆ ಪೇಪರಿನ ಮೇಲೆ ಬಿಡಿಸಿ, ಜೀವಮಾನವಿಡೀ ನೆನಪಿರುತ್ತದೆ.

5. ಅಳೆಯುವ ಜಾಗ ಆರಿಸಿ.
ವಿಎಫ್‌ಡಿ ಔಟ್‌ಪುಟ್‌ನಲ್ಲಿ ಮೋಟರಿನ ಮೂಲ ವೋಲ್ಟೇಜ್ ಬೇಕಾದರೆ ಲೋ-ಪಾಸ್ ಫಿಲ್ಟರ್ ಇರುವ ಮೀಟರ್ ಬಳಸಿ. ಒಟ್ಟು ಪವರ್ ಬೇಕಾದರೆ ವೈಡ್‌ಬ್ಯಾಂಡ್ ಪವರ್ ಅನಲೈಸರ್ ಕೇಳಿ. ಅದಿಲ್ಲವೇ? ಪವರ್ ಅನ್ನು ಇನ್‌ಪುಟ್ ಕಡೆ ಅಳೆಯಿರಿ. ಅಲ್ಲಿನ ಮುಖ್ಯ ಹಾರ್ಮೋನಿಕ್ಸ್ 250, 350 ಹರ್ಟ್ಜ್‌ನಲ್ಲಿ ಬರುತ್ತವೆ, ಒಳ್ಳೆಯ ಪವರ್ ಮೀಟರಿಗೆ ಎಟಕುತ್ತವೆ.

6. ಜೀವ ಮೊದಲು.
415 ವೋಲ್ಟ್ ವಿಎಫ್‌ಡಿಯ ಡಿಸಿ ಬಸ್ 550 ವೋಲ್ಟ್ ದಾಟುತ್ತದೆ. ಸಪ್ಲೈ ತೆಗೆದರೂ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತದೆ. ತಯಾರಕರು ಹೇಳಿದಷ್ಟು ನಿಮಿಷ ಕಾಯಿರಿ, ಡಿಸಿ ವೋಲ್ಟೇಜ್ ಅಳೆದು ನೋಡಿ, ಆಮೇಲೆ ಕೈ ಹಾಕಿ. ಮೀಟರ್ ಮತ್ತು ಲೀಡ್‌ಗಳ ಕ್ಯಾಟ್ ರೇಟಿಂಗ್ ಸಾಕಷ್ಟಿದೆಯೇ ನೋಡಿಕೊಳ್ಳಿ.

7. ರೀಡಿಂಗ್ ಜೊತೆ ಮಿತಿಯನ್ನೂ ಬರೆಯಿರಿ.
ಮೀಟರ್ ಮಾಡೆಲ್, ರೇಂಜ್, ಅಳೆದ ಜಾಗ, ಸ್ವಿಚಿಂಗ್ ಫ್ರೀಕ್ವೆನ್ಸಿ, ನಾಲ್ಕನ್ನೂ ನಮೂದಿಸಿ. "ಇಷ್ಟೇ ಇರಬೇಕು ಸರ್" ಎನ್ನುವ ಅಭ್ಯಾಸ ಬಿಡಿ. "ಈ ಮೀಟರ್ 1 ಕಿಲೋಹರ್ಟ್ಜ್‌ವರೆಗೆ ಮಾತ್ರ ಸರಿ ಸರ್, ಅದಕ್ಕೇ ಇನ್‌ಪುಟ್‌ನಲ್ಲಿ ಅಳೆದೆ" ಎಂದು ನೇರವಾಗಿ ಹೇಳಿ. ಹೀಗೆ ಹೇಳಬಲ್ಲವರ ರಿಪೋರ್ಟಿಗೆ ಎಂಜಿನಿಯರ್ ಧೈರ್ಯವಾಗಿ ಸಹಿ ಹಾಕುತ್ತಾರೆ. ಮುಂದಿನ ದೊಡ್ಡ ಕೆಲಸಕ್ಕೂ ಅವರನ್ನೇ ಕರೆಯುತ್ತಾರೆ.