ಮಿಕ್ಸರ್‌ನಿಂದ ಲ್ಯಾಪ್‌ಟಾಪ್‌ಗೆ: ದನಿ ದಾರಿ ತಪ್ಪದಿರಲು ಎಂಟು ಸೂತ್ರ

ಬಳ್ಳಾರಿಯ ಸ್ಟುಡಿಯೊ ಇರಲಿ, ಸಿರುಗುಪ್ಪ–ಕುರುಗೋಡು ಕಡೆಯ ಹಳ್ಳಿಯ ದೊಡ್ಡಾಟದ ಅಟ್ಟ ಇರಲಿ, ಈಗ ಮೈಕು, ಮಿಕ್ಸರ್, ಲ್ಯಾಪ್‌ಟಾಪ್ ಹೊಂದಿಸುವುದು ಕಷ್ಟವಲ್ಲ. ಆದರೂ ಎಷ್ಟೋ ರೆಕಾರ್ಡಿಂಗ್ ಕೆಡುತ್ತವೆ. ಕೆಡುವುದು ಬಹುಪಾಲು ಮೈಕಿನಲ್ಲಲ್ಲ, ಮಿಕ್ಸರ್‌ಗೂ ಸಾಫ್ಟ್‌ವೇರ್‌ಗೂ ನಡುವಿನ ದಾರಿಯಲ್ಲಿ.

1. ಕೊಳ್ಳುವ ಮೊದಲೇ ಕೇಳಿ: ಕಂಪ್ಯೂಟರ್‌ಗೆ ಎಷ್ಟು ಚಾನೆಲ್ ಹೋಗುತ್ತವೆ? ಯುಎಸ್‌ಬಿ ತೂತು ಇದ್ದ ಮಾತ್ರಕ್ಕೆ ಎಲ್ಲವೂ ಬೇರೆ ಬೇರೆ ಹೋಗುವುದಿಲ್ಲ. ಯಮಹಾ ಎಂಜಿ10ಎಕ್ಸ್‌ಯು ಕಳಿಸುವುದು ಎರಡೇ, ಅಂದರೆ ಕಲಸಿದ ಸ್ಟೀರಿಯೊ. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ 14 ಕಳಿಸುತ್ತದೆ. ಬೆಹ್ರಿಂಗರ್ ಎಕ್ಸ್ಆರ್18 ಹದಿನೆಂಟು, ಎಕ್ಸ್32 ಮೂವತ್ತೆರಡು. ಕಲಸಿ ಹೋದದ್ದರಿಂದ ಮದ್ದಳೆಯನ್ನಷ್ಟೇ ಬೇರೆ ತೆಗೆದು ತಿದ್ದಲು ಆಮೇಲೆ ಪರದಾಡಬೇಕು.

2. ಕೇಬಲ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. 1 ಭಾಗವತರು, 2 ಹಾರ್ಮೋನಿಯಂ, 3 ಮದ್ದಳೆ, 4 ತಾಳ, 5ರಿಂದ 8 ಅಟ್ಟದ ಮೈಕುಗಳು. ಸಾಫ್ಟ್‌ವೇರ್‌ನ ಟ್ರ್ಯಾಕಿಗೂ ಅದೇ ನಂಬರ್, ಅದೇ ಹೆಸರು.

3. ದನಿಯನ್ನು ಫೇಡರ್‌ಗಿಂತ ಮೊದಲೇ ತೆಗೆದುಕೊಳ್ಳಿ. ತುಂಗಭದ್ರಾ ಕಾಲುವೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬಿನ ಮೇಲುಗಡೆ ನೀರು ಎತ್ತಿದರೆ, ಬಾಗಿಲು ಇಳಿಸಿದರೂ ನಿಮ್ಮ ಪಾಲು ಬರುತ್ತಲೇ ಇರುತ್ತದೆ. ಜನರ ಸ್ಪೀಕರ್‌ಗೆಂದು ಆಪರೇಟರ್ ಫೇಡರ್ ಏರಿಸಿದರೂ ಇಳಿಸಿದರೂ ರೆಕಾರ್ಡಿಂಗ್ ಅಲುಗಾಡಬಾರದು. ಗೇನ್ ಮಾತ್ರ ಸ್ಪೀಕರ್‌ಗೂ ರೆಕಾರ್ಡಿಂಗ್‌ಗೂ ಒಂದೇ. ಆಟ ಶುರುವಾದ ಮೇಲೆ ಅದರ ಗುಂಡಿಗೆ ಯಾರೂ ಕೈ ಹಾಕಬೇಡಿ.

4. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಲ್ಯಾಪ್‌ಟಾಪ್‌ನಿಂದ ವಾಪಸ್ ಬಂದ ಸದ್ದು ಮೇನ್‌ಗೆ ಸೇರಿ, ಆ ಮೇನ್ ಮತ್ತೆ ಲ್ಯಾಪ್‌ಟಾಪ್‌ಗೆ ಹೋದರೆ ಸದ್ದು ಸುತ್ತುತ್ತ ಬೆಳೆದು ಕೂಗಿಗೆ ತಿರುಗುತ್ತದೆ. ಮೈಕ್ ಮುಚ್ಚಿದರೂ ನಿಲ್ಲದ ಕೂಗು ಇದು. ಮೈಕನ್ನು ಬೈದು ಫಲವಿಲ್ಲ. ಬಂದದ್ದನ್ನು ಹೆಡ್‌ಫೋನ್‌ಗೋ ಕಂಟ್ರೋಲ್ ರೂಮ್ ಸ್ಪೀಕರ್‌ಗೋ ಮಾತ್ರ ಬಿಡಿ. ಎಕ್ಸ್32ನಂಥ ಡಿಜಿಟಲ್ ಮಿಕ್ಸರ್‌ನಲ್ಲಿ ಇನ್‌ಪುಟ್‌ಗಳು ಎಂಟೆಂಟರ ಗುಂಪಿನಲ್ಲಿ ‘ಲೋಕಲ್’ನಿಂದ ‘ಕಾರ್ಡ್’ಗೆ, ಅಂದರೆ ಲ್ಯಾಪ್‌ಟಾಪ್‌ನಿಂದ ಬರುವ ದನಿಗೆ, ಬದಲಾಗುತ್ತವೆ. ನಿನ್ನೆಯ ಆಟವನ್ನೇ ಚಾನೆಲ್‌ಗಳಲ್ಲಿ ಓಡಿಸಿ, ಕಲಾವಿದರಿಲ್ಲದೆಯೇ ಸೌಂಡ್ ಚೆಕ್ ಮುಗಿಸಬಹುದು. ಮುಗಿದ ಮೇಲೆ ‘ಲೋಕಲ್’ಗೆ ತಿರುಗಿಸಲು ಮರೆತರೆ, ಅಟ್ಟದ ಮೇಲೆ ಬರೀ ಬಾಯಿ ಆಡುತ್ತದೆ!

5. ಎರಡು ದನಿ ಕೇಳಿಸಿದರೆ ಒಂದನ್ನು ಮುಚ್ಚಿ. ಸ್ಟುಡಿಯೊದಲ್ಲಿ ಹೆಡ್‌ಫೋನ್ ಹಾಕಿಕೊಂಡ ಹಿರಿಯ ಭಾಗವತರೊಬ್ಬರು ಕೇಳುತ್ತಾರೆ: “ಏನಪಾ, ನನ್ ದನಿ ಎರಡೆರಡು ಸಲ ಕೇಳ್ತೈತಲ್ಲ? ಹಿಂದ ಯಾರರ ಹಾಡಾಕತ್ತ್ಯಾರೇನು?” ರೆಕಾರ್ಡಿಂಗ್‌ಗೆ ಕೂತ ಹುಡುಗ ಹೇಳುತ್ತಾನೆ: “ಇಲ್ಲ ಮಾಸ್ತರ, ಕಂಪ್ಯೂಟರ್ ತಡ ಮಾಡಕತೈತ್ರಿ.” ಹುಡುಗ ಹೇಳಿದ್ದು ಅರ್ಧ ನಿಜ. ಕಂಪ್ಯೂಟರ್ ತಡ ಮಾಡಿಯೇ ಮಾಡುತ್ತದೆ: 48 ಕಿಲೋಹರ್ಟ್ಸ್‌ನಲ್ಲಿ ಬಫರ್ 256 ಇದ್ದರೆ ಒಂದು ದಿಕ್ಕಿಗೇ ಸುಮಾರು 5 ಮಿಲಿಸೆಕೆಂಡ್, ಹೋಗಿ ಬರುವಷ್ಟರಲ್ಲಿ ಹತ್ತು ದಾಟುತ್ತದೆ. ತಪ್ಪು ಇರುವುದು ಮಿಕ್ಸರ್‌ನ ನೇರ ದನಿ, ಸಾಫ್ಟ್‌ವೇರ್ ಸುತ್ತಿ ಬಂದ ದನಿ ಎರಡನ್ನೂ ಒಂದೇ ಕಿವಿಗೆ ಬಿಟ್ಟದ್ದರಲ್ಲಿ. ರೀಪರ್, ಕ್ಯೂಬೇಸ್ ಯಾವುದೇ ಇರಲಿ, ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ, ಹಾಡುವವರಿಗೆ ಮಿಕ್ಸರ್‌ನ ಆಕ್ಸ್‌ನಿಂದಲೇ ದನಿ ಕೊಡಿ. ಬಫರ್ 64ಕ್ಕೆ ಇಳಿಸಿ ಹಳೇ ಲ್ಯಾಪ್‌ಟಾಪ್ ಚಟಪಟ ಅನ್ನುವಂತೆ ಮಾಡುವುದಕ್ಕಿಂತ ಇದು ಮೇಲು.

6. ಎರಡೂ ಕಡೆ ಒಂದೇ ಸ್ಯಾಂಪಲ್ ರೇಟ್ ಇಡಿ. ವಿಡಿಯೊಗಾದರೆ 48. ವಿಂಡೋಸ್‌ನಲ್ಲಿ ಮಿಕ್ಸರ್ ಕಂಪನಿಯದೇ ಅಸಿಯೊ ಡ್ರೈವರ್ ಹಾಕಿ.

7. ಲೆವೆಲ್‌ಗೆ ಜಾಗ ಬಿಡಿ. ಸಂಜೆ ಮೈಕ್ ಪರೀಕ್ಷೆಗೆ “ಹಲೋ, ಒಂದ್, ಎರಡ್” ಎಂದು ಮೆತ್ತಗೆ ಹೇಳಿ ಹೋದ ರಾಕ್ಷಸ ಪಾತ್ರಧಾರಿ, ನಡುರಾತ್ರಿ ಕಿರೀಟ ಕಟ್ಟಿಕೊಂಡು ಬಂದಾಗ ಬೇರೆಯೇ ಮನುಷ್ಯ. ಸಾಮಾನ್ಯ ಮಾತು ಮೈನಸ್ 18 ಡೆಸಿಬೆಲ್‌ನ ಸುತ್ತ ಇರಲಿ, ಆರ್ಭಟ ಮೈನಸ್ 6 ದಾಟದಿರಲಿ. 24 ಬಿಟ್‌ನಲ್ಲಿ ಕಡಿಮೆ ಲೆವೆಲ್‌ನಿಂದ ನಷ್ಟವಿಲ್ಲ, ಒಡೆದ ದನಿಗೆ ಮದ್ದಿಲ್ಲ. ಇನ್ನು, ಲ್ಯಾಪ್‌ಟಾಪ್‌ನ ಚಾರ್ಜರ್ ಹಾಕಿದ ಕೂಡಲೇ ಗುಂಯ್ ಎಂದರೆ ಮಿಕ್ಸರ್, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಅನಲಾಗ್ ತಂತಿಯಾದರೆ ನಡುವೆ ಡಿಐ ಬಾಕ್ಸ್ ಹಾಕಿ. ಅರ್ಥ್ ಪಿನ್ ಮುರಿಯುವ ‘ಉಪಾಯ’ ಮಾತ್ರ ಬೇಡವೇ ಬೇಡ. ಹೋಗುವುದು ಮೈಕ್ ಹಿಡಿದವರ ಪ್ರಾಣ.

8. ಡಿಸ್ಕಿನ ಲೆಕ್ಕ ಮೊದಲೇ ಹಾಕಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ. 16 ಟ್ರ್ಯಾಕು, ರಾತ್ರಿಯಿಡೀ ಎಂಟು ಗಂಟೆ ಎಂದರೆ 66 ಜಿಬಿ. ಹದಿನಾರನ್ನೂ ಒಂದೇ ವೇವ್ ಫೈಲಿಗೆ ತುಂಬಿದರೆ ಅರ್ಧ ಗಂಟೆಗೇ 4 ಜಿಬಿಯ ಮಿತಿ ಮುಟ್ಟುತ್ತದೆ. ಟ್ರ್ಯಾಕಿಗೊಂದು ಫೈಲ್ ಇರಲಿ. ಇಷ್ಟೆಲ್ಲ ಜತನ ಏಕೆ? ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಲ್ಲೇ ಹೊತ್ತಿದ್ದರು. 2014ರಲ್ಲಿ ಅವರು ತೀರಿಕೊಂಡರು. ಅಂಥ ಹಿರಿಯರು ಈ ಸೀಮೆಯಲ್ಲಿ ಇನ್ನೂ ಹಾಡುತ್ತಿದ್ದಾರೆ. ರೆಕಾರ್ಡ್ ಮಾಡಿದ್ದನ್ನು ಎರಡು ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದನ್ನು ಮೇಳದವರ ಕೈಗೇ ಕೊಡಿ.