ಗೋಡೆಯ ಕರಿಕಲ್ಲನ್ನೇ ಕೇಳು

ತಮ್ಮಾ, ನಿನ್ನೆ ರಾತ್ರಿ ಸೊಲ್ಲಾಪುರದ ಹಾಸ್ಟೆಲಿನಿಂದ ಫೋನ್ ಮಾಡಿ, ‘ಅಜ್ಜಾ, ಭೂಮಿದು ಉತ್ತರ ದಕ್ಷಿಣ ಅದಲಿಬದಲಿ ಆಗ್ತದಂತ, ಎಲ್ಲಾರೂ ಸಾಯ್ತೀವಂತ, ಖರೇನ?’ ಎಂದು ಕೇಳಿದೆಯಲ್ಲ, ನಿನ್ನ ದನಿ ನಡುಗುತ್ತಿತ್ತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅದಲಿಬದಲಿ ಆಗುವುದು ಖರೆ. ಭೂಮಿಯ ಹೊಟ್ಟೆಯಲ್ಲಿ ಕರಗಿದ ಕಬ್ಬಿಣ ಹೊರಳಾಡುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಹೊರಳಾಟದ ರೀತಿ ಬದಲಾದರೆ ದಿಕ್ಸೂಚಿಯ ಮುಳ್ಳು ತಿರುಗುತ್ತದೆ, ಭೂಮಿ ತಲೆಕೆಳಗಾಗುವುದಿಲ್ಲ. ಕಳೆದ ಸಲ ಹೀಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ನಮ್ಮ ಪೂರ್ವಜ ಜೀವಿಗಳು ಆಗಲೂ ಇದ್ದವು, ಅಳಿಯಲಿಲ್ಲ. ಒಮ್ಮೆ ತಿರುಗಲು ಸಾವಿರಾರು ವರ್ಷ ಹಿಡಿಯುತ್ತದೆ.

ಸಾಕ್ಷಿ ನಮ್ಮೂರಲ್ಲೇ ಇದೆ. ಅಕ್ಕಲಕೋಟೆಯ ಹೊಲದಲ್ಲಿ ಬಾವಿ ತೋಡಿದಾಗ ಎರೆಮಣ್ಣು, ಗರಸು ದಾಟಿ ಕರಿಕಲ್ಲು ಹತ್ತುತ್ತದಲ್ಲ, ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಹಾಬಳೇಶ್ವರದ ಘಟ್ಟದಲ್ಲಿ ಇದೇ ಲಾವಾದ ಕೆಳಗಿನ ಪದರಗಳ ದಿಕ್ಕು ಉಲ್ಟಾ, ತುದಿಯ ಪದರಗಳದು ಈಗಿನಂತೆ. ಅಂದರೆ ಲಾವಾ ಹರಿಯುತ್ತಿದ್ದಾಗಲೇ ಕಾಂತ ತಿರುಗಿತ್ತು! ಆಗಲೇ ಡೈನೋಸಾರ್‌ಗಳು ಅಳಿದವಲ್ಲ ಎಂದು ನೀನು ಕೇಳುತ್ತೀ, ಕೇಳಲೇಬೇಕು. ಆದರೆ ಅವು ಅಳಿಯುವ ಮೊದಲಿನ ತಿರುವು ಲಕ್ಷಗಟ್ಟಲೆ ವರ್ಷ ಹಿಂದೆಯೇ ಆಗಿಹೋಗಿತ್ತು. ಅದನ್ನು ಅವು ದಾಟಿ ಬದುಕಿದ್ದವು. ಅವಕ್ಕೆ ಮುಳುವಾದದ್ದು ಮೆಕ್ಸಿಕೋ ಬಳಿ ಬಿದ್ದ ಕ್ಷುದ್ರಗ್ರಹ. ಈ ಲಾವಾದ ಹೊಗೆಯೂ ಅದಕ್ಕೆ ಕೂಡಿತೇ ಎಂಬ ಚರ್ಚೆ ಇನ್ನೂ ನಡೆದಿದೆ.

ಸುಮಾರು ಎರಡು ಶತಮಾನದಲ್ಲಿ ಕಾಂತಕ್ಷೇತ್ರ ಶೇ. 10ರಷ್ಟು ಕುಗ್ಗಿದೆ, ಅದೂ ನಿಜವೇ. ಆದರೆ ಅದು ಏರುತ್ತ ಇಳಿಯುತ್ತ ಇರುವಂಥದ್ದು. ಪೂರಾ ಸೊರಗಿದರೂ ನಮ್ಮ ತಲೆಯ ಮೇಲೆ ಗಾಳಿಯ ದಪ್ಪ ಹೊದಿಕೆ ಇದ್ದೇ ಇದೆ. ಉಪಗ್ರಹಗಳಂಥವಕ್ಕೆ ತೊಂದರೆಯಾದೀತು. ಮುಂಬಯಿಗೆ ವಿದ್ಯುತ್ ಟ್ರಾಮ್ ಬಂದು ಕೊಲಾಬಾದಲ್ಲಿ ನಡೆಯುತ್ತಿದ್ದ ಕಾಂತಕ್ಷೇತ್ರದ ಅಳತೆ ಕೆಡುತ್ತದೆಂದು 1904ರಲ್ಲಿ ಅಲಿಬಾಗದಲ್ಲಿ ವೇಧಶಾಲೆ ಶುರುಮಾಡಿದರು. ಅಂದಿನಿಂದ ಅಲ್ಲಿ ಲೆಕ್ಕ ಇಡುತ್ತಲೇ ಇದ್ದಾರೆ. ಪ್ರಳಯ ಮಾರುವವನ ವಿಡಿಯೊ ನೋಡುವ ಮೊದಲು ಅವರ ಲೆಕ್ಕ ನೋಡು.

ಅಂಜಿಕೆ ಎಂದರೇನು ಎಂದು ನನಗೆ ಗೊತ್ತಿದೆ, ತಮ್ಮಾ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ನಮ್ಮನ್ನೂ ಹಾಸಿಗೆಯಿಂದ ಎಬ್ಬಿಸಿತ್ತು. ಆಮೇಲೆ ಎಷ್ಟೋ ರಾತ್ರಿ ಅಂಗಳದಲ್ಲೇ ಮಲಗಿದೆವು. ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಣ್ಣಲ್ಲಿ ಕೂಡಿಸಿದ ಇದೇ ಕರಿಕಲ್ಲಿನ ಗೋಡೆ, ಮೇಲಿನ ಭಾರದ ಮಾಳಿಗೆ. ನಮ್ಮ ಹಳೇಮನೆಯೂ ಅಂಥದ್ದೇ. ವರ್ಷಾ ವರ್ಷಾ ಮಣ್ಣು ಹಾಕಿ ಹಾಕಿ ಮಾಳಿಗೆ ಮೊಣಕಾಲುದ್ದ ಆಗಿದೆ. ದೀಪಾವಳಿಗೆ ಬಂದಾಗ ಗೌಂಡಿಯನ್ನು ಕರೆಸೋಣ. ನೀನೂ ಬುಟ್ಟಿ ಹೊರು, ಆ ಮಣ್ಣನ್ನಷ್ಟು ಇಳಿಸಬೇಕು.